ಕಿಟ್ಟೆಲ್ ಹುಟ್ಟಿದ ನೆಲ: ಔರಿಶ್ ಜಿಲ್ಲೆಯ ಭೂಗೋಳ ಮತ್ತು ಚರಿತ್ರೆ

ಪ್ರಶ್ನೆ: ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಅವರ ಬಗ್ಗೆ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಅವರ ಜನ್ಮಸ್ಥಳವನ್ನು ಒಂದು ಕಡೆ ಓಸ್ಟ್‌ಫ್ರೀಸ್‌ಲಾಂಡ್ ಎಂದೂ, ಇನ್ನೊಂದು ಕಡೆ ಹಾನೋವರ್ ಎಂದೂ, ಬೇರೆಡೆ ಪ್ರಷ್ಯಾ, ಲೋವರ್ ಸ್ಯಾಕ್ಸನಿ, ಔರಿಶ್ ಜಿಲ್ಲೆ ಎಂದೂ ಬರೆದಿದ್ದಾರೆ. ಇವುಗಳಲ್ಲಿ ಯಾವುದು ಸರಿ? ಅಲ್ಲಿನ ಜಿಲ್ಲೆ ಎಂದರೆ ನಮ್ಮ ಜಿಲ್ಲೆಯಂಥದ್ದೇ? ಆ ಪ್ರದೇಶದ ಭೂಗೋಳ, ಚರಿತ್ರೆಗಳನ್ನು ಸ್ವಲ್ಪ ವಿವರವಾಗಿ ತಿಳಿಸುವಿರಾ?

ಉತ್ತರ: ನೀವು ಕೊಟ್ಟಿರುವ ಹೆಸರುಗಳಲ್ಲಿ ಸಂಪೂರ್ಣ ತಪ್ಪೆನ್ನಬಹುದಾದದ್ದು ಒಂದೂ ಇಲ್ಲ. ಆದರೆ ಅವೆಲ್ಲ ಒಂದೇ ಕಾಲಕ್ಕೆ ಸೇರಿದವಲ್ಲ, ಒಂದೇ ಬಗೆಯ ಹೆಸರುಗಳೂ ಅಲ್ಲ. ಕಿಟ್ಟೆಲ್ ಅವರು 1832ರ ಏಪ್ರಿಲ್ 7ರಂದು ಹುಟ್ಟಿದ್ದು ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ಅವರ ತಂದೆ ಅಲ್ಲಿಯ ಚರ್ಚಿನ ಪಾದ್ರಿಗಳಾಗಿದ್ದರು. ಆ ಹಳ್ಳಿ ಇರುವ ನಾಡಿನ ಹೆಸರು ಓಸ್ಟ್‌ಫ್ರೀಸ್‌ಲಾಂಡ್, ಎಂದರೆ ಪೂರ್ವ ಫ್ರೀಸ್‌ಲಾಂಡ್. ಅವರು ಹುಟ್ಟಿದ ವರ್ಷ ಆ ನಾಡು ಹಾನೋವರ್ ರಾಜ್ಯದ ಆಳ್ವಿಕೆಯಲ್ಲಿತ್ತು. ಅವರು ಭಾರತಕ್ಕೆ ಬಂದದ್ದು 1853ರಲ್ಲಿ, ಅದಾಗಿ 13 ವರ್ಷಕ್ಕೆ, 1866ರಲ್ಲಿ, ಪ್ರಷ್ಯಾ ಹಾನೋವರನ್ನು ಗೆದ್ದು ತನ್ನೊಳಗೆ ಸೇರಿಸಿಕೊಂಡಿತು. ಲೋವರ್ ಸ್ಯಾಕ್ಸನಿ ಎಂಬ ರಾಜ್ಯ ರಚನೆಯಾದದ್ದು 1946ರಲ್ಲಿ. ಇಂದಿನ ರೂಪದ ಔರಿಶ್ ಜಿಲ್ಲೆ ಅದಕ್ಕಿಂತಲೂ ಈಚಿನದು. ಅದರ ಗಡಿಗಳು ನಿಶ್ಚಯವಾದದ್ದು 1977ರ ಆಗಸ್ಟ್ 1ರಂದು. ಆಳುವವರು ಇಷ್ಟು ಸಲ ಬದಲಾದರೂ ಆ ನಾಡಿನ ಬದುಕನ್ನು ನಿಜವಾಗಿ ರೂಪಿಸಿದ್ದು ಕಡಲು, ಒಡ್ಡು ಮತ್ತು ಜೌಗು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಧಿಕಾರದ ವಿಷಯವನ್ನು ಬೇಗ ಮುಗಿಸಿ ನೆಲದ ವಿಷಯಕ್ಕೆ ಬರುತ್ತೇನೆ.

ಜರ್ಮನಿಯಲ್ಲಿ ಗ್ರಾಮೀಣ ಜಿಲ್ಲೆಯನ್ನು ಲಾಂಡ್‌ಕ್ರೈಸ್ ಎನ್ನುತ್ತಾರೆ. ನಾವು ಅದನ್ನು ಜಿಲ್ಲೆ ಎಂದು ಕರೆಯಬಹುದು, ಆದರೆ ಎರಡು ವ್ಯತ್ಯಾಸಗಳನ್ನು ನೆನಪಿಡಬೇಕು. ಒಂದು, ಅದು ರಾಜ್ಯ ಸರ್ಕಾರದ ಕೈಕೆಳಗಿನ ಕಚೇರಿ ಮಾತ್ರವಲ್ಲ, ಸ್ವಂತ ಚುನಾಯಿತ ಸಭೆಯುಳ್ಳ ಸ್ಥಳೀಯ ಸರ್ಕಾರವೂ ಹೌದು. ಅದರ ಮುಖ್ಯಸ್ಥರಾದ ಲಾಂಡ್‌ರಾಟ್ ಅವರನ್ನು ಲೋವರ್ ಸ್ಯಾಕ್ಸನಿಯಲ್ಲಿ ಜನರೇ ನೇರವಾಗಿ ಆರಿಸುತ್ತಾರೆ. ಪ್ರೌಢಶಾಲೆಗಳು, ಕಸ ವಿಲೇವಾರಿ, ವಾಹನ ನೋಂದಣಿ, ಕಟ್ಟಡ ಪರವಾನಗಿ, ತುರ್ತು ಸೇವೆ ಮುಂತಾದವು ಅದರ ಹೊಣೆ. ಎರಡನೆಯದು ಗಾತ್ರ. ಔರಿಶ್ ಜಿಲ್ಲೆಯ ವಿಸ್ತಾರ ಸುಮಾರು 1,287 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1.9 ಲಕ್ಷ, ನಮ್ಮ ಬೆಂಗಳೂರು ನಗರ ಜಿಲ್ಲೆಯ ವಿಸ್ತಾರದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಪಕ್ಕದ ಬಂದರು ನಗರ ಎಮ್ಡೆನ್ ಯಾವ ಜಿಲ್ಲೆಗೂ ಸೇರದ ಸ್ವತಂತ್ರ ನಗರವಾದ್ದರಿಂದ, ನಕಾಶೆಯಲ್ಲಿ ಔರಿಶ್ ಜಿಲ್ಲೆಯ ನೈಋತ್ಯ ಮೂಲೆಯನ್ನು ಯಾರೋ ಕತ್ತರಿಸಿ ತೆಗೆದಂತೆ ಕಾಣುತ್ತದೆ. ದಕ್ಷಿಣಕ್ಕೆ ಲೇರ್ ಜಿಲ್ಲೆ, ಪೂರ್ವಕ್ಕೆ ವಿಟ್‌ಮುಂಡ್ ಜಿಲ್ಲೆ, ಉತ್ತರ ಮತ್ತು ಪಶ್ಚಿಮಕ್ಕೆ ಉತ್ತರ ಸಮುದ್ರ.

ಈ ನೆಲವನ್ನು ಉತ್ತರದಿಂದ ದಕ್ಷಿಣಕ್ಕೆ ನಡೆಯುತ್ತ ನೋಡುವುದು ಒಳ್ಳೆಯದು. ಮೊದಲು ಸಿಗುವುದು ಯೂಸ್ಟ್, ನೋರ್ಡರ್ನೈ, ಬಾಲ್ಟ್ರುಮ್ ಎಂಬ ಮೂರು ಮರಳಿನ ದ್ವೀಪಗಳು. ಇವು ಬಂಡೆಯ ದ್ವೀಪಗಳಲ್ಲ. ಗಾಳಿ ಮತ್ತು ಅಲೆಗಳು ಕೂಡಿ ಕಟ್ಟಿದ ಮರಳ ದಿಬ್ಬಗಳು. ಪಶ್ಚಿಮದಿಂದ ಬರುವ ಪ್ರವಾಹ ಒಂದು ತುದಿಯನ್ನು ಕೊರೆದು ಮರಳನ್ನು ಇನ್ನೊಂದು ತುದಿಗೆ ಒಯ್ಯುವುದರಿಂದ ದ್ವೀಪಗಳು ಶತಮಾನಗಳ ಅವಧಿಯಲ್ಲಿ ಪೂರ್ವಕ್ಕೆ ಸರಿಯುತ್ತ ಬಂದಿವೆ. ಬಾಲ್ಟ್ರುಮ್‌ನ ಪಶ್ಚಿಮ ತುದಿ ಕೆಲವೇ ಶತಮಾನಗಳಲ್ಲಿ ಕಿಲೋಮೀಟರುಗಟ್ಟಲೆ ಹಿಂದೆ ಸರಿದಿದೆ. ಇಂದು ಕಲ್ಲು ಮತ್ತು ಕಾಂಕ್ರೀಟಿನ ತಡೆಗಳು ಆ ಚಲನೆಯನ್ನು ಬಹುಮಟ್ಟಿಗೆ ನಿಲ್ಲಿಸಿವೆ. ಸುಮಾರು 17 ಕಿಲೋಮೀಟರ್ ಉದ್ದದ ಯೂಸ್ಟ್ ಈ ಸಾಲಿನ ದ್ವೀಪಗಳಲ್ಲೆಲ್ಲ ಉದ್ದವಾದದ್ದು. ಅಲ್ಲಿಯೂ ಬಾಲ್ಟ್ರುಮ್‌ನಲ್ಲಿಯೂ ಕಾರುಗಳಿಗೆ ಪ್ರವೇಶವಿಲ್ಲ. ನೋರ್ಡರ್ನೈ 1797ರಲ್ಲಿ ಜರ್ಮನ್ ಉತ್ತರ ಸಮುದ್ರ ತೀರದ ಮೊದಲ ಸಮುದ್ರಸ್ನಾನ ಕೇಂದ್ರವಾಯಿತು, ಮುಂದೆ ಹಾನೋವರ್ ಅರಸರ ಬೇಸಿಗೆಯ ಬಿಡಾರವೂ ಆಯಿತು.

ದ್ವೀಪಗಳಿಗೂ ಮುಖ್ಯಭೂಮಿಗೂ ನಡುವೆ ಇರುವುದು ವಾಟ್ ಎಂಬ ಕೆಸರು ಬಯಲು. ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಅದನ್ನು ಮುಚ್ಚುತ್ತದೆ, ಎರಡು ಬಾರಿ ಇಳಿತ ಅದನ್ನು ಬಯಲಾಗಿಸುತ್ತದೆ. ನೀರಿನ ಮಟ್ಟದ ಏರಿಳಿತ ಸುಮಾರು ಎರಡೂವರೆ ಮೀಟರ್. ಯೂಸ್ಟ್‌ಗೆ ಹೋಗುವ ಹಡಗಿನ ವೇಳಾಪಟ್ಟಿ ಇಂದಿಗೂ ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವನ್ನೇ ಅನುಸರಿಸುತ್ತದೆ. ಈ ಕೆಸರು ಬಯಲು 1986ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2009ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಒಡ್ಡನ್ನು ದಾಟಿ ಒಳಗೆ ಬಂದರೆ ಮಾರ್ಶ್ ಎಂಬ ಮೆಕ್ಕಲು ನೆಲ. ಕಡಲೇ ತಂದು ಹಾಕಿದ ಜೇಡಿಮಣ್ಣು ಅದು, ಬಹಳ ಫಲವತ್ತಾದದ್ದು, ಆದರೆ ಬಹಳ ತಗ್ಗಿನದು. ಜಿಲ್ಲೆಯ ಪಶ್ಚಿಮದ ಕ್ರುಮ್‌ಹೋರ್ನ್ ಪ್ರದೇಶದಲ್ಲಿ, ಹಿಂದೆ ಕೆರೆಯಾಗಿದ್ದು ನೀರು ಬಸಿದು ಹೊಲವಾದ ಫ್ರೇಪ್ಸುಮ್ ಎಂಬ ಜಾಗ ಸಮುದ್ರ ಮಟ್ಟಕ್ಕಿಂತ ಎರಡು ಮೀಟರಿಗೂ ಹೆಚ್ಚು ಕೆಳಗಿದೆ. ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಕಡಲಿನಿಂದ ದೂರ ಹೋದಂತೆ ನೆಲ ಏರಬೇಕೆಂದು ನಾವು ಭಾವಿಸುತ್ತೇವೆ, ಆದರೆ ಮಾರ್ಶ್‌ನಲ್ಲಿ ಅದು ಇಳಿಯುತ್ತದೆ. ಮೊದಲು ಒಡ್ಡು ಹಾಕಿಸಿಕೊಂಡ ಒಳನೆಲಕ್ಕೆ ಮೆಕ್ಕಲು ಬರುವುದು ಅಂದೇ ನಿಂತಿತು, ನೀರು ಬಸಿದಂತೆ ಅದು ಕುಸಿಯುತ್ತಲೂ ಹೋಯಿತು. ಕಡಲ ಪಕ್ಕದ ಹೊಸ ನೆಲಕ್ಕೆ ಮಾತ್ರ ಮತ್ತಷ್ಟು ಶತಮಾನಗಳ ಕಾಲ ಮೆಕ್ಕಲು ಸೇರುತ್ತಲೇ ಇತ್ತು. ಹೀಗಾಗಿ ಹಳೆಯ ಹೊಲ ಕೆಳಗೆ, ಹೊಸ ಹೊಲ ಮೇಲೆ.

ಇನ್ನೂ ದಕ್ಷಿಣಕ್ಕೆ ಗೇಸ್ಟ್ ಎಂಬ ಮರಳು ದಿಣ್ಣೆ ಬರುತ್ತದೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಈ ದಿಣ್ಣೆಯ ಎತ್ತರ ಕೆಲವೇ ಮೀಟರುಗಳಾದರೂ ಪ್ರವಾಹ ಬಂದಾಗ ಆ ಕೆಲವು ಮೀಟರುಗಳೇ ಜೀವ ಉಳಿಸುತ್ತಿದ್ದವು. ಔರಿಶ್ ಪಟ್ಟಣ ಗೇಸ್ಟ್‌ನ ಮೇಲೆ ಬೆಳೆಯಿತು. 1255ರ ಹೊತ್ತಿಗೇ ದಾಖಲೆಯಲ್ಲಿ ಕಾಣಿಸುವ ನೋರ್ಡೆನ್ ಪಟ್ಟಣ ಮಾರ್ಶ್‌ನ ಅಂಚಿನಲ್ಲಿ ನಡುಗಡ್ಡೆಯಂತೆ ಎದ್ದಿರುವ ಗೇಸ್ಟ್ ತುಂಡೊಂದರ ಮೇಲಿದೆ. ಗೇಸ್ಟ್‌ನ ಹೊಲಗಳನ್ನು ಬೇರ್ಪಡಿಸುವ ಮಣ್ಣಿನ ಬದುಗಳ ಮೇಲೆ ಮರಗಿಡಗಳ ಬೇಲಿ ಬೆಳೆಸುವುದು ಔರಿಶ್ ಸುತ್ತಲಿನ ವಿಶೇಷ. ಕೊನೆಯದಾಗಿ ಗೇಸ್ಟ್‌ನ ಮೈಮೇಲೂ ಅಂಚಿನಲ್ಲೂ ಮೋರ್ ಎಂಬ ಜೌಗು. ಸತ್ತ ಪಾಚಿ ಸಾವಿರಾರು ವರ್ಷ ಕೊಳೆಯದೆ ಶೇಖರವಾಗಿ ಪೀಟ್ ಎಂಬ ಉರಿಯುವ ಮಣ್ಣಾಗಿರುವ ಜಾಗ ಅದು. ವಿಟ್‌ಮುಂಡ್ ಗಡಿಯಲ್ಲಿರುವ ‘ಏವಿಗೆಸ್ ಮೇರ್’ ಜರ್ಮನಿಯ ಜೌಗು ಕೆರೆಗಳಲ್ಲೆಲ್ಲ ದೊಡ್ಡದು. ನೀವು ಜರ್ಮನ್ ಬಲ್ಲವರಾದರೆ ‘ಮೇರ್’ ಎಂದರೆ ಸಮುದ್ರವಲ್ಲವೇ ಎಂದು ಕೇಳಬಹುದು. ಇಲ್ಲಿಯ ಆಡುಮಾತಾದ ಪ್ಲಾಟ್‌ಡಾಯ್ಚ್‌ನಲ್ಲಿ ಅರ್ಥ ತಿರುವುಮುರುವು: ಮೇರ್ ಎಂದರೆ ಕೆರೆ, ಸೇ ಎಂದರೆ ಕಡಲು.

ನಿಘಂಟುಕಾರರೊಬ್ಬರ ಊರಿನ ಬಗ್ಗೆ ಬರೆಯುವಾಗ ಊರ ಹೆಸರುಗಳ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಈ ಜಿಲ್ಲೆಯಲ್ಲಿ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿಯೇ ಊರು ಎಂಥ ನೆಲದ ಮೇಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ರೀಸುಮ್, ಪಿಲ್ಸುಮ್, ಪೇವ್ಸುಮ್, ಡೋರ್ನುಮ್ ಮುಂತಾದವುಗಳ ‘ಉಮ್’ ಮನೆ ಎಂಬ ಅರ್ಥದ ‘ಹೈಮ್’ನ ಸವೆದ ರೂಪ, ಇವು ಮಾರ್ಶ್‌ನ ಪ್ರಾಚೀನ ಊರುಗಳು. ಗ್ರೇಟ್‌ಜೀಲ್, ಡೋರ್ನುಮರ್‌ಜೀಲ್, ನೆಸ್‌ಮರ್‌ಜೀಲ್ ಎಂಬಲ್ಲಿನ ‘ಜೀಲ್’ ಎಂದರೆ ಒಡ್ಡಿನಲ್ಲಿಟ್ಟ ತೂಬು: ಇಳಿತದಲ್ಲಿ ತೆರೆದುಕೊಂಡು ಒಳಗಿನ ನೀರನ್ನು ಹೊರಬಿಡುವ, ಉಬ್ಬರದಲ್ಲಿ ತಾನೇ ಮುಚ್ಚಿಕೊಂಡು ಕಡಲನ್ನು ತಡೆಯುವ ಬಾಗಿಲು. ಆ ತೂಬಿನ ಬಾಯಲ್ಲಿ ದೋಣಿಗಳು ನಿಲ್ಲುತ್ತಿದ್ದುದರಿಂದ ಅಲ್ಲಲ್ಲಿ ಮೀನುಗಾರರ ಬಂದರುಗಳು ಹುಟ್ಟಿದವು. ‘ಫೇನ್’ ಎಂದು ಮುಗಿದರೆ ಅದು ಕಾಲುವೆ ತೋಡಿ ಜೌಗನ್ನು ಕಡಿದು ಮಾಡಿದ ಊರು. ಇನ್ನು ಮಾರಿಯೆನ್‌ಹಾಫೆ, ಎಂಗರ್‌ಹಾಫೆ, ರೆಸ್ಟರ್‌ಹಾಫೆ ಎಂಬ ಹೆಸರುಗಳ ‘ಹಾಫೆ’ ಚರ್ಚಿನ ಅಂಗಳವನ್ನು ಸೂಚಿಸುತ್ತದೆ. ಪಾದ್ರಿಯ ಮಗ ಹುಟ್ಟಿದ ಊರಿನ ಹೆಸರಿನಲ್ಲೇ ಚರ್ಚಿನ ಅಂಗಳವಿದೆ.

ಒಡ್ಡುಗಳಿಲ್ಲದ ಕಾಲದಲ್ಲಿ ಮಾರ್ಶ್‌ನ ಜನ ಮಣ್ಣನ್ನೂ ಗೊಬ್ಬರವನ್ನೂ ರಾಶಿ ಹಾಕಿ ಎತ್ತರಿಸಿದ ದಿಬ್ಬಗಳ ಮೇಲೆ ವಾಸಿಸುತ್ತಿದ್ದರು. ಈ ದಿಬ್ಬಗಳಿಗೆ ವಾರ್ಫ್ ಎಂದು ಹೆಸರು. 19 ಹಳ್ಳಿಗಳ ಕ್ರುಮ್‌ಹೋರ್ನ್‌ನಲ್ಲಿ ಇವು ಚೆನ್ನಾಗಿ ಕಾಣುತ್ತವೆ. ರೀಸುಮ್ ಹಳ್ಳಿ ಇಂದಿಗೂ ವೃತ್ತಾಕಾರವಾಗಿದ್ದು ಎಲ್ಲ ಬೀದಿಗಳೂ ನಡುವಿನ ಚರ್ಚಿನತ್ತ ಏರುತ್ತವೆ. ಸುಮಾರು 1000ನೆಯ ಇಸವಿಯ ಹೊತ್ತಿಗೆ ಒಡ್ಡು ಕಟ್ಟುವ ಕೆಲಸ ಆರಂಭವಾಯಿತು, 13ನೆಯ ಶತಮಾನದ ವೇಳೆಗೆ ತೀರದ ಉದ್ದಕ್ಕೂ ಒಡ್ಡಿನ ಸರಪಳಿ ಸಿದ್ಧವಾಯಿತು. ‘ಡೆ ನಿಖ್ ವಿಲ್ ಡೀಕೆನ್, ಡೆ ಮುಟ್ ವೀಕೆನ್’, ಒಡ್ಡು ಕಟ್ಟಲೊಲ್ಲದವನು ಜಾಗ ಬಿಡಬೇಕು, ಎಂಬ ಗಾದೆ ಇಲ್ಲಿ ಬರೀ ಮಾತಾಗಿರಲಿಲ್ಲ, ಕಾನೂನಾಗಿತ್ತು. ತನ್ನ ಪಾಲಿನ ಒಡ್ಡನ್ನು ಕಾಯಲಾರದ ರೈತ ಅದರಲ್ಲಿ ಸಲಿಕೆಯನ್ನು ನೆಟ್ಟು ಹೊರಟುಹೋಗಬೇಕಿತ್ತು. ಆ ಸಲಿಕೆಯನ್ನು ಯಾರು ಕೀಳುತ್ತಾರೋ ಅವರಿಗೆ ಅವನ ಹೊಲವೂ ಸೇರುತ್ತಿತ್ತು, ಒಡ್ಡಿನ ಹೊರೆಯೂ ಸೇರುತ್ತಿತ್ತು. ಒಡ್ಡನ್ನು ನೋಡಿಕೊಳ್ಳುವ ಡೈಖ್‌ಆಖ್ಟ್, ತೂಬು ಕಾಲುವೆಗಳನ್ನು ನೋಡಿಕೊಳ್ಳುವ ಜೀಲ್‌ಆಖ್ಟ್ ಎಂಬ ಭೂಮಾಲೀಕರ ಸಂಘಗಳು ಈಗಲೂ ಕೆಲಸ ಮಾಡುತ್ತಿವೆ. ಜಿಲ್ಲೆಯ ಗಡಿಗಳಿಗಿಂತ ಈ ಸಂಘಗಳ ಗಡಿಗಳಿಗೆ ಹೆಚ್ಚಿನ ವಯಸ್ಸಾಗಿದೆ. ಈ ನಾಡಿನ ಅತ್ಯಂತ ಹಳೆಯ ಆಡಳಿತ ವ್ಯವಸ್ಥೆ ಯಾವುದೆಂದು ಕೇಳಿದರೆ ನಾನು ಇವುಗಳನ್ನೇ ತೋರಿಸುತ್ತೇನೆ.

ಒಡ್ಡುಗಳು ಯಾವಾಗಲೂ ನಿಲ್ಲಲಿಲ್ಲ. 14ನೆಯ ಶತಮಾನದಲ್ಲಿ, ವಿಶೇಷವಾಗಿ 1362 ಮತ್ತು 1374ರ ಪ್ರವಾಹಗಳಲ್ಲಿ, ಕಡಲು ನೋರ್ಡೆನ್‌ನ ದಕ್ಷಿಣಕ್ಕೆ ನುಗ್ಗಿ ಲೈಬುಖ್ಟ್ ಎಂಬ ದೊಡ್ಡ ಕೊಲ್ಲಿಯನ್ನೇ ಕೊರೆಯಿತು. ವೆಸ್ಟೇಲ್ ಎಂಬ ಊರು ಮುಳುಗಿಹೋಯಿತು. ಅದುವರೆಗೆ ಒಳನಾಡಾಗಿದ್ದ ಮಾರಿಯೆನ್‌ಹಾಫೆಗೆ ಹಡಗುಗಳು ಬರುವಂತಾಯಿತು, 1400ರ ಆಸುಪಾಸಿನಲ್ಲಿ ಅದು ಕಡಲ್ಗಳ್ಳರ ತಂಗುದಾಣವೂ ಆಯಿತು. ಆ ಕೊಲ್ಲಿಯನ್ನು ಮತ್ತೆ ಹೊಲವಾಗಿಸಲು ಜನ ಐದಾರು ಶತಮಾನ ದುಡಿದರು. ಕೊನೆಯ ದೊಡ್ಡ ತುಂಡಾದ ಲೈಬುಖ್ಟ್‌ಪೋಲ್ಡರ್‌ಗೆ ಒಡ್ಡು ಹಾಕಿದ್ದು ಎರಡನೆಯ ಮಹಾಯುದ್ಧದ ನಂತರ. 1717ರ ಕ್ರಿಸ್‌ಮಸ್ ರಾತ್ರಿಯ ಪ್ರವಾಹದಲ್ಲಿ ಓಸ್ಟ್‌ಫ್ರೀಸ್‌ಲಾಂಡ್ ಒಂದರಲ್ಲೇ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ನೀರು ಬಂದರೂ ಕಷ್ಟ, ಹೋದರೂ ಕಷ್ಟ ಎಂಬುದಕ್ಕೆ ಸೂರ್‌ಹೂಸೆನ್ ಹಳ್ಳಿಯ ಚರ್ಚಿನ ಗೋಪುರ ಸಾಕ್ಷಿ. 1450ರಲ್ಲಿ ಓಕ್ ಮರದ ದಿಮ್ಮಿಗಳ ಅಡಿಪಾಯದ ಮೇಲೆ ಕಟ್ಟಿದ ಆ ಗೋಪುರ, ತೇವವಿರುವವರೆಗೆ ನೆಟ್ಟಗೆ ನಿಂತಿತ್ತು. 19ನೆಯ ಶತಮಾನದಲ್ಲಿ ಸುತ್ತಲಿನ ನೀರನ್ನು ಬಸಿದಾಗ ಮರ ಗಾಳಿಗೆ ಕೊಳೆತು ಗೋಪುರ 5.19 ಡಿಗ್ರಿ ವಾಲಿತು. ಪೀಸಾದ ಗೋಪುರದ ವಾಲು ಅದಕ್ಕಿಂತ ಕಡಿಮೆ.

ಎಲ್ಲರೂ ಕೂಡಿ ಒಡ್ಡು ಕಾಯಬೇಕಾದ ನಾಡಿನಲ್ಲಿ ಒಬ್ಬ ಒಡೆಯ ನೆಲೆಯೂರುವುದು ಸುಲಭವಾಗಿರಲಿಲ್ಲ. ಮಧ್ಯಯುಗದ ಯುರೋಪಿನ ಬಹುಭಾಗ ಜಮೀನ್ದಾರಿ ಒಡೆತನಕ್ಕೆ ಒಳಪಟ್ಟಿದ್ದಾಗ ಈ ತೀರದ ಜನರಾದ ಫ್ರೀಸರು ತಮಗೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಹೊರತು ಬೇರೆ ಒಡೆಯನಿಲ್ಲ ಎಂದು ಹೇಳಿಕೊಂಡರು. ತೀರದ ಫ್ರೀಸ್ ಪ್ರಾಂತಗಳ ಪ್ರತಿನಿಧಿಗಳು ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬದ ನಂತರದ ಮಂಗಳವಾರ ಔರಿಶ್ ಬಳಿಯ ಉಪ್‌ಸ್ಟಾಲ್ಸ್‌ಬೋಮ್ ಎಂಬ ದಿಬ್ಬದಲ್ಲಿ ಸೇರಿ ನ್ಯಾಯ, ಕಾನೂನು, ಒಪ್ಪಂದಗಳನ್ನು ಚರ್ಚಿಸುತ್ತಿದ್ದರು. ಇದನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವ ಎಂದು ಕರೆಯುವುದು ಸರಿಯಲ್ಲ, ಏಕೆಂದರೆ ಅಲ್ಲಿ ಮಾತಿದ್ದದ್ದು ಭೂಮಿಯುಳ್ಳವರಿಗೆ. 14ನೆಯ ಶತಮಾನದಲ್ಲಿ ಅದೇ ಭೂಮಾಲೀಕರ ಬಲಿಷ್ಠ ಮನೆತನಗಳು ಕಲ್ಲಿನ ಕೋಟೆಗಳನ್ನು ಕಟ್ಟಿಕೊಂಡು ನಮ್ಮ ಪಾಳೆಯಗಾರರನ್ನು ಹೋಲುವ ನಾಯಕರಾದವು. ಮೊದಲು ಟೋಮ್ ಬ್ರೋಕ್ ಮನೆತನ ಮೇಲುಗೈ ಪಡೆಯಿತು, 1427ರ ಯುದ್ಧದಲ್ಲಿ ಸೋತು ಕುಸಿಯಿತು. ಬಳಿಕ ಗ್ರೇಟ್‌ಜೀಲ್‌ನ ಸಿರ್ಕ್ಸೇನಾ ಮನೆತನ ಎದ್ದಿತು. ಆ ವಂಶದ ಉಲ್ರಿಶ್ 1464ರಲ್ಲಿ ಚಕ್ರವರ್ತಿಯಿಂದ ಕೌಂಟ್ ಪದವಿ ಪಡೆದನು. 1561ರಲ್ಲಿ ಅವರ ಅರಮನೆ ಎಮ್ಡೆನ್‌ನಿಂದ ಔರಿಶ್‌ಗೆ ಬಂತು. ಔರಿಶ್ ಆಡಳಿತ ಪಟ್ಟಣವಾಗಿದ್ದು ಅಂದಿನಿಂದ. ಆದರೆ ಕುಲೀನರು, ಪಟ್ಟಣಿಗರು ಮತ್ತು ರೈತರ ಪ್ರತಿನಿಧಿಗಳ ಸಭೆ ಅರಸರ ಎದುರು ತನ್ನ ಹಕ್ಕುಗಳನ್ನು ಬಿಟ್ಟುಕೊಡಲಿಲ್ಲ; ‘ಓಸ್ಟ್‌ಫ್ರೀಸಿಷೆ ಲಾಂಡ್‌ಶಾಫ್ಟ್’ ಎಂಬ ಆ ಸಭೆ ಇಂದು ಔರಿಶ್‌ನಲ್ಲಿ ಸಂಸ್ಕೃತಿ ಮತ್ತು ಭಾಷೆಯ ಸಂಸ್ಥೆಯಾಗಿ ಉಳಿದುಕೊಂಡಿದೆ.

1744ರಲ್ಲಿ ಕೊನೆಯ ಸಿರ್ಕ್ಸೇನಾ ಅರಸ ಮಕ್ಕಳಿಲ್ಲದೆ ಸತ್ತಾಗ ಪ್ರಷ್ಯಾದ ಎರಡನೆಯ ಫ್ರೆಡ್‌ರಿಕ್ ನಾಡನ್ನು ವಶಪಡಿಸಿಕೊಂಡನು. 1765ರಲ್ಲಿ ಅವನು ಹೊರಡಿಸಿದ ಆಜ್ಞೆ ಪಾಳುಬಿದ್ದ ಜೌಗೆಲ್ಲ ರಾಜ್ಯದ ಸ್ವತ್ತೆಂದು ಸಾರಿ ಅಲ್ಲಿ ವಸಾಹತುಗಾರರನ್ನು ನೆಲೆಗೊಳಿಸಲು ದಾರಿ ಮಾಡಿತು. ದೊರೆಯ ಸಾಧನೆಯೆಂದು ಇದನ್ನು ಹೊಗಳುವ ಬರಹಗಳನ್ನು ನೀವು ನೋಡಬಹುದು. ನಾನು ಅದನ್ನು ಒಪ್ಪುವುದಿಲ್ಲ. ಅದಕ್ಕೂ ಮೊದಲು, 1633ರಲ್ಲಿ, ಎಮ್ಡೆನ್‌ನ ನಾಲ್ವರು ನಾಗರಿಕರು ಆರಂಭಿಸಿದ ಗ್ರೋಸೆಫೇನ್‌ನಲ್ಲಿ ಮೊದಲು ಕಾಲುವೆ ತೋಡಿದ್ದರು. ದೋಣಿಗಳು ಪೀಟನ್ನು ನಗರಕ್ಕೆ ಒಯ್ದು, ಮರಳುವಾಗ ಕಡಲ ಮೆಕ್ಕಲನ್ನೂ ಗೊಬ್ಬರವನ್ನೂ ತರುತ್ತಿದ್ದುದರಿಂದ ಪೀಟ್ ತೆಗೆದ ಜಾಗ ನಿಧಾನವಾಗಿ ಹೊಲವಾಯಿತು. ರಾಜಾಜ್ಞೆಯ ಮೇಲೆ ನೆಲೆಸಿದ, 1767ರಲ್ಲಿ ಶುರುವಾದ ಮೋರ್‌ಡೋರ್ಫ್‌ನಂಥ ಊರುಗಳಿಗೆ ಇಂಥ ಕಾಲುವೆಗಳಿರಲಿಲ್ಲ, ಕೊಟ್ಟ ನೆಲವೂ ತೀರ ಸಣ್ಣದು. ಜನ ಜೌಗಿನ ಮೇಲ್ಪದರಕ್ಕೆ ಬೆಂಕಿ ಹಾಕಿ, ಬೂದಿಯಲ್ಲಿ ಬಕ್‌ವೀಟ್ ಎಂಬ ಧಾನ್ಯ ಬಿತ್ತಿ, ಕೆಲವೇ ವರ್ಷಗಳಲ್ಲಿ ನೆಲ ಬಂಜರಾದಾಗ ಬೀದಿಗೆ ಬಿದ್ದರು. ‘ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಬಡತನ, ಮೂರನೆಯದಕ್ಕೆ ರೊಟ್ಟಿ’ ಎಂಬ ಜೌಗುನಾಡಿನ ಮಾತು ಹುಟ್ಟಿದ್ದು ಇಂಥ ಅನುಭವದಿಂದ. 19ನೆಯ ಶತಮಾನದಲ್ಲಿ ಸಾವಿರಾರು ಜನ ಅಮೆರಿಕೆಗೆ ವಲಸೆ ಹೋದರು.

ನೆಪೋಲಿಯನ್ ಕಾಲದಲ್ಲಿ ನಾಡು ಹಾಲೆಂಡಿಗೂ ಫ್ರಾನ್ಸಿಗೂ ಸೇರಿ, 1815ರಲ್ಲಿ ಹಾನೋವರ್‌ಗೆ ಬಂತು. ಕಿಟ್ಟೆಲ್ ಹುಟ್ಟಿದ್ದು ಈ ಅವಧಿಯಲ್ಲಿ. ಪ್ರಷ್ಯಾ ಮತ್ತೆ ಬಂದ ಮೇಲೆ, 1885ರಲ್ಲಿ, ಔರಿಶ್, ನೋರ್ಡೆನ್, ಎಮ್ಡೆನ್ ಮುಂತಾದ ಜಿಲ್ಲೆಗಳು ರಚನೆಯಾದವು. 1932ರಲ್ಲಿ ಎಮ್ಡೆನ್ ಗ್ರಾಮೀಣ ಜಿಲ್ಲೆ ರದ್ದಾಗಿ ಅದರ ಬಹುಭಾಗ ನೋರ್ಡೆನ್‌ಗೆ ಸೇರಿತು.

ನಾಜಿ ಕಾಲದ ವಿಷಯವನ್ನು ಪ್ರವಾಸದ ಕೈಪಿಡಿಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ಹಾಗೆ ದಾಟಬಾರದು. 1938ರ ನವೆಂಬರಿನಲ್ಲಿ ಔರಿಶ್ ಮತ್ತು ನೋರ್ಡೆನ್‌ನ ಯೆಹೂದಿ ಪ್ರಾರ್ಥನಾ ಮಂದಿರಗಳನ್ನು ಸುಟ್ಟರು. ಡೋರ್ನುಮ್‌ನ ಮಂದಿರ ಕೆಲವೇ ದಿನಗಳ ಹಿಂದೆ ಮಾರಾಟವಾಗಿದ್ದ ಕಾರಣಕ್ಕೆ ಉಳಿಯಿತು, ಅದೀಗ ಸ್ಮಾರಕ. 1940ರ ವಸಂತದ ಹೊತ್ತಿಗೆ ಯೆಹೂದಿಗಳನ್ನು ಇಡೀ ಓಸ್ಟ್‌ಫ್ರೀಸ್‌ಲಾಂಡ್‌ನಿಂದ ಹೊರಹಾಕಲಾಯಿತು. 1944ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಂಗರ್‌ಹಾಫೆಯಲ್ಲಿ ನೊಯೆನ್‌ಗಾಮೆ ಯಾತನಾ ಶಿಬಿರದ ಶಾಖೆಯೊಂದಿತ್ತು. ಔರಿಶ್ ಸುತ್ತ ಟ್ಯಾಂಕುಗಳನ್ನು ತಡೆಯುವ ಕಂದಕ ಅಗೆಯಲು ತಂದ ಕೈದಿಗಳಲ್ಲಿ 188 ಮಂದಿ ಆ ಕೆಲವೇ ವಾರಗಳಲ್ಲಿ ಪ್ರಾಣ ಬಿಟ್ಟರು. ನಾನು ಮೇಲೆ ಹೇಳಿದ ‘ಚರ್ಚಿನ ಅಂಗಳ’ದ ಊರುಗಳಲ್ಲಿ ಇದೂ ಒಂದು.

1977ರ ಸುಧಾರಣೆಯಲ್ಲಿ ಔರಿಶ್ ಮತ್ತು ನೋರ್ಡೆನ್ ಜಿಲ್ಲೆಗಳು ಒಂದಾದವು. ಪಕ್ಕದಲ್ಲಿ ಇದೇ ಸುಧಾರಣೆಯಡಿ ಕೂಡಿಸಿದ್ದ ವಿಟ್‌ಮುಂಡ್ ಮತ್ತು ಫ್ರೀಸ್‌ಲಾಂಡ್ ಜಿಲ್ಲೆಗಳು ನ್ಯಾಯಾಲಯದ ತೀರ್ಪಿನ ನಂತರ 1980ರಲ್ಲಿ ಮತ್ತೆ ಬೇರೆಯಾದವು, ಆದರೆ ಔರಿಶ್ ಹಾಗೆಯೇ ಉಳಿಯಿತು. ಇಂದು ಜಿಲ್ಲೆಯಲ್ಲಿ ಔರಿಶ್, ನೋರ್ಡೆನ್, ನೋರ್ಡರ್ನೈ, ವೀಸ್‌ಮೋರ್ ಎಂಬ ನಾಲ್ಕು ಪಟ್ಟಣಗಳಿವೆ. ವೀಸ್‌ಮೋರ್ 1906ರಲ್ಲಿ ಜೌಗಿನ ನಡುವೆ ಹುಟ್ಟಿತು. ಪೀಟ್ ಉರಿಸುವ ವಿದ್ಯುತ್ ಸ್ಥಾವರದ ಬಿಸಿಯಿಂದ ಗಾಜಿನ ಮನೆಗಳಲ್ಲಿ ಹೂವು ತರಕಾರಿ ಬೆಳೆದು ಹೂವಿನ ಪಟ್ಟಣವೆಂಬ ಹೆಸರು ಪಡೆಯಿತು. ಈಗ ವಿದ್ಯುತ್ತು ಗಾಳಿಯಿಂದ ಬರುತ್ತದೆ: ಗಾಳಿಯಂತ್ರ ತಯಾರಿಸುವ ಎನರ್ಕಾನ್ ಕಂಪನಿ 1984ರಲ್ಲಿ ಆರಂಭವಾದದ್ದು ಔರಿಶ್‌ನಲ್ಲಿ. ಚಹಾದ ವಿಷಯಕ್ಕೆ ಒಂದೇ ಮಾತು: ಇಲ್ಲಿಯವರು ತಲಾ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ, ಅವರ ಮಿಶ್ರಣದ ಮುಖ್ಯ ಎಲೆ ನಮ್ಮ ಅಸ್ಸಾಮಿನದು.

ರೆಸ್ಟರ್‌ಹಾಫೆ ಇಂದು ಡೋರ್ನುಮ್ ಪಂಚಾಯಿತಿಗೆ ಸೇರಿದೆ, 1977ಕ್ಕೆ ಮುಂಚೆ ಅದು ನೋರ್ಡೆನ್ ಜಿಲ್ಲೆಯಲ್ಲಿತ್ತು. ಅಲ್ಲಿಂದ ತುಸು ದೂರದ ಡೋರ್ನುಮರ್‌ಜೀಲ್ ತೀರದಲ್ಲಿ ನಾರ್ವೆಯಿಂದ ಸಮುದ್ರದಡಿ ಬರುವ ಅನಿಲದ ಕೊಳವೆಗಳು ದಡ ಸೇರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ನಿಘಂಟಿನ ಕರ್ತೃವನ್ನು ಪರಿಚಯಿಸುವಾಗ ಜನ್ಮಸ್ಥಳವನ್ನು ಹೀಗೆ ಬರೆದರೆ ಗೊಂದಲವಾಗದು: ‘ಅಂದಿನ ಹಾನೋವರ್ ರಾಜ್ಯಕ್ಕೆ ಸೇರಿದ್ದ ಓಸ್ಟ್‌ಫ್ರೀಸ್‌ಲಾಂಡ್‌ನ ರೆಸ್ಟರ್‌ಹಾಫೆ, ಇಂದು ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಔರಿಶ್ ಜಿಲ್ಲೆಯಲ್ಲಿದೆ.’ ‘ಪ್ರಷ್ಯಾದಲ್ಲಿ ಹುಟ್ಟಿದರು’ ಎಂಬುದನ್ನು ಮಾತ್ರ ಬರೆಯಬೇಡಿ. 1832ರಲ್ಲಿ ಅಲ್ಲಿ ಪ್ರಷ್ಯಾದ ಆಳ್ವಿಕೆ ಇರಲಿಲ್ಲ.